ಆನ್ಸೆಲ್ಮನ ಆರು ನೆಲಮಾಳಿಗೆಗಳು

ಶಾವ್ರೋಲ್ ಊರಿನ ಆನ್ಸೆಲ್ಮ್ ಗೋದಿನೊ ತನ್ನ ಅರವತ್ತಾರು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ ಬಡಾಯಿ ಕೊಚ್ಚಿಕೊಂಡ. ದಿನವೂ ಕೊಚ್ಚಿಕೊಳ್ಳುವವರಿಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಇರುತ್ತದೆ. ಆನ್ಸೆಲ್ಮನಿಗೆ ಅಭ್ಯಾಸವಿರಲಿಲ್ಲ. ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವನು. ಅವನಿಗೆ ಗೊತ್ತಿದ್ದದ್ದು ಬ್ರೇಕು, ಗೇರು, ಮತ್ತು “ಕೂತ್ಕೊಳ್ರೋ” ಎಂಬ ಒಂದು ಮಾತು.

ಬಡಾಯಿ ನಡೆದದ್ದು ಈಸ್ಟರ್ ಊಟದ ಹೊತ್ತಿನಲ್ಲಿ, ಬರ್ಗಂಡಿ ಸೀಮೆಯ ಬೋನ್ ಪಟ್ಟಣದಲ್ಲಿ, ಅವನ ಹೆಂಡತಿ ಓದಿಲಳ ಅಣ್ಣ ಗುಸ್ತಾವನ ಮನೆಯಲ್ಲಿ. ಗುಸ್ತಾವ್ ನಿವೃತ್ತ ನೋಟರಿ. ಅದಕ್ಕಿಂತ ಹೆಚ್ಚಾಗಿ ಬೋನ್‌ನ ‘ಬೆಳ್ಳಿ ಬಟ್ಟಲ ಬಳಗ’ದ ಅಧ್ಯಕ್ಷ. ಈ ಬಳಗದವರು ಕೆಂಪು ನಿಲುವಂಗಿ ತೊಟ್ಟು, ಕುತ್ತಿಗೆಗೆ ಪಟ್ಟಿಯಲ್ಲಿ ಪುಟ್ಟ ಬೆಳ್ಳಿ ಬಟ್ಟಲು ಇಳಿಬಿಟ್ಟುಕೊಂಡು, ವೈನು ಗುಟುಕರಿಸಿ, ಬಾಯಲ್ಲಿ ಮುಕ್ಕಳಿಸಿ, ಉಗಿದು, ಆಮೇಲೆ ತೀರ್ಪು ಕೊಡುತ್ತಾರೆ. ಗುಸ್ತಾವ್ ಕೊಟ್ಟ ತೀರ್ಪಿಗೆ ಮೇಲ್ಮನವಿ ಇಲ್ಲ. ಮೂವತ್ನಾಲ್ಕು ವರ್ಷಗಳಿಂದ ಆ ಕುಟುಂಬದ ಹಬ್ಬ, ನಾಮಕರಣ, ಹುಟ್ಟುಹಬ್ಬ ಎಲ್ಲವೂ ಅವನ ಮನೆಯಲ್ಲಿ, ಅವನ ಮೇಜಿನ ಸುತ್ತ, ಅವನ ವೈನಿನ ಜೊತೆಯೇ ನಡೆಯುತ್ತಿದ್ದವು. ಶಾಂಪೇನ್ ಸೀಮೆಯವನನ್ನು ಮದುವೆಯಾದ ತಪ್ಪಿಗೆ ಓದಿಲ್ ಪ್ರತಿ ಸಲ ಅಲ್ಲಿಗೆ ಹೋಗಿ ತಂಗಿಯಾಗಿ ಕೂತು ಬರುತ್ತಿದ್ದಳು.

ಆ ದಿನ ಅವಳು ಕುರಿಮಾಂಸ ಬಡಿಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು, “ಅಣ್ಣ, ಅಕ್ಟೋಬರಿಗೆ ನಂಗೆ ಅರವತ್ತು ತುಂಬುತ್ತೆ. ಈ ಸಲ ನಮ್ಮನೆ ಅಂಗಳದಲ್ಲೇ ಮಾಡೋಣ ಅಂತ.”

“ಅಂಗಳದಲ್ಲಾ?” ಗುಸ್ತಾವ್ ಚಮಚ ಕೆಳಗಿಟ್ಟ. “ಬಂದೋರಿಗೆ ಏನು ಕುಡಿಸ್ತೀಯಮ್ಮ? ನೊರೆನಾ? ಹಡಗು ನೀರಿಗಿಳಿಸೋವಾಗ ಶಾಂಪೇನ್ ಬಾಟ್ಲಿ ಒಡೀತಾರಲ್ಲ, ಯಾಕೆ ಗೊತ್ತಾ ಭಾವಯ್ಯ? ಕುಡಿಯೋಕೆ ಲಾಯಕ್ಕಿಲ್ಲ ಅಂತ!”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಓದಿಲ್ ತಟ್ಟೆ ನೋಡಿಕೊಂಡು ಕೂತಳು. ಆನ್ಸೆಲ್ಮ್ ಅದನ್ನು ಕಂಡ. ಒಳಗೆ ಮೂರು ಗ್ಲಾಸು ಬರ್ಗಂಡಿ ಇತ್ತು, ಅದೂ ಸೇರಿಕೊಂಡಿತು. ಎದ್ದು ನಿಂತುಬಿಟ್ಟ.

“ಭಾವ, ನಮ್ಮ ಕಡೆ ನನ್ನ ಹೆಸರು ಹೇಳಿದ್ರೆ ಆರು ವೈನ್ ನೆಲಮಾಳಿಗೆ ಬಾಗಿಲು ತಾವಾಗೇ ತೆಗೀತವೆ! ಬನ್ನಿ ಒಂದಿನ, ನಿಮ್ಮ ಬಟ್ಟಲೆಲ್ಲ ಎತ್ಕೊಂಡು ಬನ್ನಿ. ಸುತ್ತಾಡಿಸ್ತೀನಿ. ಆಮೇಲೆ ಮಾತಾಡಿ.”

ನೋಟರಿಗೆ ಇಂಥ ಮಾತು ಸಿಕ್ಕರೆ ಬಿಡುತ್ತಾನೆಯೆ? ಕರಾರು ಅಲ್ಲೇ ತಯಾರಾಯಿತು. ಗುಸ್ತಾವನೂ ಬಳಗದ ನಾಲ್ವರೂ ಒಂದು ದಿನ ಶಾಂಪೇನ್ ಸುತ್ತಿ ಬರುವುದು. ಐವರೂ ಮೆಚ್ಚಿದರೆ ಓದಿಲಳ ಅರವತ್ತು ಅವಳ ಅಂಗಳದಲ್ಲಿ. ಒಬ್ಬನೇ ಒಬ್ಬ ಮೂಗು ಮುರಿದರೂ ಬೋನ್‌ನಲ್ಲಿ, ಈ ವರ್ಷವೂ, ಇನ್ನು ಮುಂದೆಯೂ. ಮನೆಗೆ ಮರಳುವಾಗ ಊರು ಹತ್ತಿರ ಬರುತ್ತಲೇ ಓದಿಲ್, “ರೀ, ಆ ಆರು ಮಾಳಿಗೆ ಯಾವುವು?” ಎಂದು ಕೇಳಿದಳು.

“ಅದನ್ನೇ ಯೋಚಿಸ್ತಿದೀನಿ,” ಎಂದ ಆನ್ಸೆಲ್ಮ್.

ಯೋಚಿಸಿದಾಗ ತೀರ ಕೈಕಟ್ಟಿದ ಸ್ಥಿತಿಯೇನೂ ಅಲ್ಲವೆಂದು ತಿಳಿಯಿತು. ಸುತ್ತಲ ಹಳ್ಳಿಗಳ ದ್ರಾಕ್ಷಿ ಬೆಳೆಗಾರರಲ್ಲಿ ಅರ್ಧದಷ್ಟು ಜನ ಒಂದು ಕಾಲಕ್ಕೆ ಮೂಗು ಸೋರಿಸಿಕೊಂಡು ಅವನ ಬಸ್ಸಿನಲ್ಲಿ ಶಾಲೆಗೆ ಹೋದವರೇ. ನಲವತ್ತೆರಡು ವರ್ಷದ, ಎಂಟು ಎಕರೆ ತೋಟದ ಒಡೆಯ ತಿಬೋ ಎಂಬವನು ಫೋನಿನಲ್ಲಿ ಆನ್ಸೆಲ್ಮನ ದನಿ ಕೇಳಿದ್ದೇ ಕುರ್ಚಿಯಿಂದ ಎದ್ದು ನಿಂತನಂತೆ. “ಬನ್ನಿ ಸಾರ್, ಖಂಡಿತಾ ಬನ್ನಿ. ಆ ಕಿಟಕಿ ಗಾಜು ಒಡೆದದ್ದು ನಾನಲ್ಲ ಸಾರ್, ಇವತ್ತಿಗೂ ಹೇಳ್ತೀನಿ.” ಹೀಗೆ ಒಂದು ವಾರದಲ್ಲಿ ಆರೂ ಬಾಗಿಲು ಖಾತ್ರಿಯಾದವು.

ಇನ್ನು ಉಳಿದದ್ದು ಯೋಜನೆ. ಪ್ರವಾಸ ಎಂದರೆ ಬೇರೆಯವರಿಗೆ ಹೊರಟು ಹೋಗುವುದು. ಬಸ್ಸು ಓಡಿಸಿದವನಿಗೆ ವೇಳಾಪಟ್ಟಿ. ಆನ್ಸೆಲ್ಮ್ ಅಡಿಗೆಮನೆಯ ಮೇಜಿನ ಮೇಲೆ ಮಾರ್ನ್ ಕಣಿವೆಯ ನಕ್ಷೆ ಹರಡಿ ಮೂರು ತಿಂಗಳು ಕೂತ. ಆ ಮೂರು ತಿಂಗಳು ಓದಿಲ್ ತರಕಾರಿ ಹೆಚ್ಚಿದ್ದು ಕಿಟಕಿ ಕಟ್ಟೆಯ ಮೇಲೆ. ಒಂಬತ್ತು ಹತ್ತಕ್ಕೆ ಮೊದಲ ಮಾಳಿಗೆ. ಒಂಬತ್ತು ಹದಿನಾಲ್ಕಕ್ಕೆ ಕುಶಲ ವಿಚಾರಣೆ ಮುಕ್ತಾಯ. ಒಂಬತ್ತು ಇಪ್ಪತ್ತಕ್ಕೆ ಗುಟುಕು. ಒಂಬತ್ತು ಇಪ್ಪತ್ತೊಂದಕ್ಕೆ ಉಗಿಯುವುದು. “ಇಪ್ಪತ್ತೊಂದಕ್ಕೆ ಉಗೀದೇ ಇದ್ರೆ?” ಎಂದು ಓದಿಲ್ ಕೇಳಿದ್ದಕ್ಕೆ ಅವನು ಗಂಭೀರವಾಗಿ, “ಎರಡು ನಿಮಿಷ ಹೆಚ್ಚಿಗೆ ಇಟ್ಟಿದೀನಿ,” ಎಂದ. ಊರಿನ ಫುಟ್‌ಬಾಲ್ ಸಂಘದ ಮಿನಿಬಸ್ಸು ಕೇಳಿ ಇಟ್ಟುಕೊಂಡ. ಖಾಲಿ ಬಸ್ಸಿನಲ್ಲಿ ಎರಡು ಸಲ ಇಡೀ ದಾರಿ ಓಡಿಸಿ, ಪ್ರತಿ ಅಂಗಳದಲ್ಲೂ ಹಿಂದಕ್ಕೆ ತಿರುಗಿಸಿ ನೋಡಿ ಬಂದ.

ದಿನ ಗೊತ್ತುಮಾಡುವುದರಲ್ಲಂತೂ ಅವನು ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ. ಕೊಯ್ಲಿನ ಹೊತ್ತಿಗೆ ಯಾವ ಬೆಳೆಗಾರನೂ ಅತಿಥಿಯ ಮುಖ ನೋಡುವುದಿಲ್ಲ, ಹೆಂಡತಿಯ ಮುಖವನ್ನೇ ನೋಡುವುದಿಲ್ಲ. ಕೊಯ್ಲಿಗೆ ಹತ್ತು ದಿನ ಮುಂಚೆ ಮಾತ್ರ ಎಲ್ಲರೂ ಪೀಪಾಯಿ ತೊಳೆದಿಟ್ಟು ಕೈಕಟ್ಟಿ ಕೂತಿರುತ್ತಾರೆ. ಕೊಯ್ಲು ಯಾವಾಗ? ಶಾಂಪೇನ್‌ನಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಬಳ್ಳಿ ಹೂಬಿಟ್ಟ ನೂರನೆಯ ದಿನ. ಆನ್ಸೆಲ್ಮನ ಅಂಗಳದ ಗೋಡೆಗೊಂದು ದ್ರಾಕ್ಷಿಬಳ್ಳಿ ಇತ್ತು. ಅದು ಹೂಬಿಟ್ಟ ದಿನ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದು, ಬೆರಳು ಮಡಿಸಿ ನೂರು ಎಣಿಸಿ, ಹತ್ತು ಕಳೆದು, ಸೆಪ್ಟೆಂಬರ್ ಹನ್ನೆರಡು ಗುರುವಾರ ಎಂದು ಗುಸ್ತಾವನಿಗೆ ಕಾಗದ ಬರೆದ. ಆ ಗೋಡೆ ಉತ್ತರಕ್ಕೆ ಮುಖ ಮಾಡಿದೆ, ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲೇ ಬೀಳುವುದಿಲ್ಲ, ಊರಿನ ಬಳ್ಳಿಗಳೆಲ್ಲ ಹೂಬಿಟ್ಟು ಉದುರಿಸಿದ ಮೇಲೆ ಅದು ಕಣ್ಣು ಬಿಡುತ್ತದೆ ಎಂಬುದು ಲೆಕ್ಕದಲ್ಲಿ ಬರಲೇ ಇಲ್ಲ.

ಸೋಮವಾರ ಬ್ರೆಡ್ಡು ತರಲು ಹೋದವನು ಮೇಯರ್ ಕಚೇರಿಯ ಬಾಗಿಲಲ್ಲಿ ಅಂಟಿಸಿದ್ದ ಕಾಗದ ಓದಿದ. ಶಾವ್ರೋಲ್ ಮತ್ತು ಸುತ್ತಲ ಐದು ಹಳ್ಳಿಗಳಲ್ಲಿ ಕೊಯ್ಲು ಆರಂಭ: ಗುರುವಾರ, ಸೆಪ್ಟೆಂಬರ್ ಹನ್ನೆರಡು. ಬ್ರೆಡ್ಡನ್ನು ಕಂಕುಳಲ್ಲಿ ಅದುಮಿಕೊಂಡು ಒಳಗೆ ನುಗ್ಗಿದ. ಕಾರ್ಯದರ್ಶಿ ಮದಾಂ ಪೆಲಿಸಿಯೆ ಕಾಫಿ ಕುಡಿಯುತ್ತಿದ್ದಳು.

“ಈ ದಿನ ತಪ್ಪಾಗಿದೆ, ಮದಾಂ.”

“ಯಾವ ದಿನ?”

“ಕೊಯ್ಲಿನ ದಿನ. ನೂರು ದಿನಕ್ಕೆ ಇನ್ನೂ ಹತ್ತು ಬಾಕಿ ಇದೆ. ನಾನೇ ಎಣಿಸಿದೀನಿ.”

“ದ್ರಾಕ್ಷಿ ಹಣ್ಣಾಗಿದೆ ಮೊಸ್ಯೂ ಗೋದಿನೊ.”

“ಆತುರ ಬಿದ್ದಿವೆ.”

“ನೀವೇ ಹೋಗಿ ಹೇಳಿ ಅವಕ್ಕೆ,” ಎಂದು ಮದಾಂ ಪೆಲಿಸಿಯೆ ಕಾಫಿಗೆ ಸಕ್ಕರೆ ಹಾಕಿಕೊಂಡಳು. “ಒಂದು ವಾರ ಮುಂದೂಡಿ ಅಂತ ಅರ್ಜಿ ಬರೆದ್ರೂ ತಗೋತೀನಿ. ಯಾರ ಮುಂದೆ ಇಡೋದು ಅಂತ ಮಾತ್ರ ಕೇಳ್ಬೇಡಿ.”

ಮನೆ ಮುಟ್ಟುವ ಹೊತ್ತಿಗೆ ಫೋನು ಬಡಿದುಕೊಳ್ಳುತ್ತಿತ್ತು. ತಿಬೋ ಮೊದಲಿಗ. “ಕ್ಷಮಿಸಿ ಸಾರ್, ಗುರುವಾರ ಆಗಲ್ಲ.” ಸಂಜೆಯೊಳಗೆ ಆರೂ ಬಾಗಿಲು ಒಂದೊಂದಾಗಿ ಮುಚ್ಚಿದವು. ಆರನೆಯವನಿಗೆ ಆನ್ಸೆಲ್ಮ್ ಹಳೆಯ ದನಿಯಲ್ಲಿ “ಕೂತ್ಕೊಳೋ!” ಎಂದು ಗದರಿಸಿಯೂ ನೋಡಿದ. ಅವನು ಕೂತನಂತೆ, ಕೂತುಕೊಂಡೇ ಆಗುವುದಿಲ್ಲ ಎಂದ.

ಗುಸ್ತಾವನಿಗೆ ಫೋನು ಮಾಡಿ ದಿನ ಮುಂದೆ ಹಾಕಿಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಗುಸ್ತಾವನನ್ನು ಬಲ್ಲವರು ಕೇಳುವುದಿಲ್ಲ. ಶಾಂಪೇನ್‌ನಲ್ಲಿ ಹುಟ್ಟಿ ಬೆಳೆದವನಿಗೆ ಕೊಯ್ಲು ಯಾವಾಗ ಎಂದು ಗೊತ್ತಿಲ್ಲ ಎಂಬ ಮಾತು ಬೋನ್ ತಲುಪಿದ್ದರೆ, ಓದಿಲಳ ಅರವತ್ತು ಹಾಗಿರಲಿ, ಎಂಬತ್ತರವರೆಗೂ ಎಲ್ಲ ಹುಟ್ಟುಹಬ್ಬಗಳಲ್ಲಿ ಅದೇ ಹಾಡಾಗುತ್ತಿತ್ತು. ಆನ್ಸೆಲ್ಮ್ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ, ಕೊನೆಯ ಪ್ರಯತ್ನವೆಂದು, ಬೆಟ್ಟದ ಮಗ್ಗುಲಿನ ಹ್ಯೂಗೆತಕ್ಕನಿಗೆ ಫೋನು ಹಚ್ಚಿದ. ಎಪ್ಪತ್ನಾಲ್ಕು ವರ್ಷದ ವಿಧವೆ, ಒಂದೇ ಒಂದು ಇಳಿಜಾರು ತೋಟ, ರಸ್ತೆಯಲ್ಲಿ ಬೋರ್ಡು ಕೂಡ ಇಲ್ಲ. ಅವಳ ಮಾಳಿಗೆಗೆ ಈವರೆಗೆ ಯಾವ ಪ್ರವಾಸಿಯೂ ಹೋದದ್ದಿಲ್ಲ.

“ಹ್ಯೂಗೆತಕ್ಕ, ನಾನು ಆನ್ಸೆಲ್ಮ್. ಗುರುವಾರಕ್ಕೆ ನಾವು ಏಳು ಜನ ಇದ್ದೀವಿ. ನಿಮ್ಮಲ್ಲಿಗೆ ಕರಕೊಂಡು ಬರಬಹುದಾ ಅಂತ…”

“ಏಳು ಜನಾನಾ!” ಆ ಕಡೆ ಮುದುಕಿಯ ದನಿ ನಡುಗಿತು. “ದೇವರು ಕಳಿಸಿದ ಹಾಗೆ ಫೋನ್ ಮಾಡಿದ್ಯಲ್ಲಪ್ಪ! ಬಾ, ಬಾ. ಬೆಳಿಗ್ಗೆ ಏಳೂವರೆಗೆ ಇಲ್ಲಿರಿ.”

“ಅಷ್ಟು ಬೇಗಾನಾ?”

“ಬಿಸಿಲೇರೋಕೆ ಮುಂಚೆ ಶುರು ಹಚ್ಕೊಂಡ್ರೇ ಚೆಂದ.”

ಬೆಳಗಿನ ಹೊತ್ತು ನಾಲಿಗೆ ಚುರುಕಾಗಿರುತ್ತದೆ ಎಂದು ಗುಸ್ತಾವನೂ ಹೇಳುತ್ತಿದ್ದುದು ಆನ್ಸೆಲ್ಮನಿಗೆ ನೆನಪಾಯಿತು. ಮುದುಕಿಗೆ ವಿಷಯ ಗೊತ್ತಿದೆ ಎಂದುಕೊಂಡ.

“ಅನುಭವ ಇರೋ ಜನಾನೇನಪ್ಪ?”

“ಅನುಭವಾನಾ! ಬೋನ್‌ನಿಂದ ಬರ್ತಿದಾರೆ. ನಲವತ್ತು ವರ್ಷದಿಂದ ಇದರಲ್ಲೇ ಮುಳುಗಿರೋರು.”

“ಅಂಥೋರು ಈಗ ಎಲ್ಲಿ ಸಿಗ್ತಾರೆ! ಬೂಟು ಹಾಕ್ಕೊಂಡು ಬರ್ಲಿ, ಕೆಳಗಡೆ ಕೆಸರಿದೆ. ಬೆನ್ನು ಗಟ್ಟಿ ಇದೆ ತಾನೆ? ಬಗ್ಗಿ ಬಗ್ಗಿ ಸಾಕಾಗುತ್ತೆ.”

ಮಾಳಿಗೆಯ ಸೂರು ತಗ್ಗಾಗಿರಬೇಕು ಎಂದುಕೊಂಡ ಆನ್ಸೆಲ್ಮ್. “ನಾವು ಎಷ್ಟು ಕೊಡಬೇಕು ಹ್ಯೂಗೆತಕ್ಕ?”

ಮುದುಕಿ ಕೆಮ್ಮು ಬರುವಷ್ಟು ನಕ್ಕಳು. “ನೀವು ನಂಗೆ ಕೊಡೋದಾ! ಬಸ್ಸಲ್ಲೂ ಹೀಗೇ ತಮಾಷೆ ಮಾಡ್ತಿದ್ಯೇನೋ! ಮಧ್ಯಾಹ್ನದ ಊಟ ನಂದು, ಮಿಕ್ಕಿದ್ದು ಆಮೇಲೆ ಮಾತಾಡೋಣ.”

ಫೋನು ಇಟ್ಟ ಆನ್ಸೆಲ್ಮನ ಕಣ್ಣು ತೇವವಾಗಿತ್ತು. “ಆರು ಮಾಳಿಗೆ ಹೋದ್ರೆ ಹೋಗ್ಲಿ ಕಣೇ,” ಎಂದ ಹೆಂಡತಿಗೆ, “ಆತಿಥ್ಯ ಅಂದ್ರೆ ಇದು. ಬೂಟಿನವರೆಗೂ ವಿಚಾರಿಸಿದ್ರು.” ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದ ಓದಿಲ್ ದ್ರಾಕ್ಷಿ ಸೀಮೆಯಲ್ಲೇ ಹುಟ್ಟಿದವಳು. ಏಳೂವರೆ, ಬೂಟು, ಬೆನ್ನು ಮೂರನ್ನೂ ಕಿವಿಯಾರೆ ಕೇಳಿದ್ದಳು. ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು, ಚಾಕು ಕೆಳಗಿಟ್ಟಳು, ಅಟ್ಟ ಹತ್ತಿದಳು.

ಗುರುವಾರ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಫುಟ್‌ಬಾಲ್ ಸಂಘದ ಮಿನಿಬಸ್ಸು ಹ್ಯೂಗೆತಕ್ಕನ ಅಂಗಳ ಸೇರಿತು. ಹಿಂದಿನ ರಾತ್ರಿಯೇ ಶಾವ್ರೋಲ್ ತಲುಪಿ ಮಲಗಿದ್ದ ಗುಸ್ತಾವ್ ಇಳಿದ. ಹಿಂದೆಯೇ ಬಳಗದ ನಾಲ್ವರು: ಹಲ್ಲಿನ ಡಾಕ್ಟರು, ಔಷಧಿ ಅಂಗಡಿಯವರು, ಮತ್ತಿಬ್ಬರು ನಿವೃತ್ತ ಬ್ಯಾಂಕಿನವರು. ಐವರೂ ಕೆಂಪು ನಿಲುವಂಗಿಯಲ್ಲಿದ್ದರು. ಐದೂ ಬೆಳ್ಳಿ ಬಟ್ಟಲುಗಳು ಎದೆಯ ಮೇಲೆ ಹೊಳೆಯುತ್ತಿದ್ದವು. ಹ್ಯೂಗೆತಕ್ಕ ಹೊರಗೆ ಬಂದು ನೋಡಿದಳು. ಅವಳ ಕಣ್ಣು ಅಂಗಿಯಿಂದ ಬಟ್ಟಲಿಗೆ, ಬಟ್ಟಲಿನಿಂದ ಆನ್ಸೆಲ್ಮನಿಗೆ ಹೋಯಿತು.

“ಬರ್ಗಂಡಿಯಲ್ಲಿ ಹೀಗೆ ಉಡ್ಕೋತಾರಾ?” ಎಂದು ಪಿಸುಗುಟ್ಟಿದಳು. “ಇರ್ಲಿ, ಕೆಂಪು ಆದ್ರೆ ಸಾಲಿನಲ್ಲಿ ಎಲ್ಲಿದಾರೆ ಅಂತ ಕಾಣುತ್ತೆ.” ಒಬ್ಬೊಬ್ಬರ ಕೈಗೂ ಒಂದು ಬಕೆಟ್ಟು, ಒಂದು ಕತ್ತರಿ ಕೊಟ್ಟಳು. “ನಂಗೆ ಪ್ರತಿ ವರ್ಷ ಇಪ್ಪತ್ತು ಜನ ಬರೋರು. ಈ ಸಲ ಹನ್ನೆರಡೇ. ಮಿಕ್ಕೋರನ್ನ ದೊಡ್ಡ ಕಂಪನಿಯೋರು ಮೆತ್ತನೆ ಹಾಸಿಗೆ ತೋರಿಸಿ ಎಳಕೊಂಡು ಹೋದ್ರು. ಸಂಜೆಯೊಳಗೆ ಗಾಣ ತುಂಬಬೇಕು, ನಾಲ್ಕು ಸಾವಿರ ಕಿಲೋ. ನಡೀರಿ!”

ಆನ್ಸೆಲ್ಮನಿಗೆ ಆಗ ಅರ್ಥವಾಯಿತು. ಅರ್ಥವಾಗಬೇಕಾದ ಹೊತ್ತಿಗಿಂತ ಮೂರು ದಿನ ತಡವಾಗಿ, ಎಲ್ಲವೂ ಒಟ್ಟಿಗೆ ಅರ್ಥವಾಯಿತು.

“ಭಾವಯ್ಯ,” ಗುಸ್ತಾವ್ ಕತ್ತರಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. “ಇದೇನು? ಗ್ಲಾಸ್ ಎಲ್ಲಿ?”

“ಗ್ಲಾಸು… ಗ್ಲಾಸು ಆಮೇಲೆ ಭಾವ,” ಎಂದ ಆನ್ಸೆಲ್ಮ್. ಬಾಯಿ ತನ್ನಷ್ಟಕ್ಕೆ ಓಡತೊಡಗಿತ್ತು, ಬುದ್ಧಿ ಹಿಂದೆ ಏದುಸಿರು ಬಿಡುತ್ತ ಬರುತ್ತಿತ್ತು. “ಗ್ಲಾಸಿಂದ ಶುರು ಮಾಡೋದು ಸಾಮಾನ್ಯ ಜನಕ್ಕೆ. ತಿಳಿದೋರಿಗೆ ನಮ್ಮಲ್ಲಿ ಬಳ್ಳಿಯಿಂದಲೇ ಶುರು. ನಿಮ್ಮಂಥೋರನ್ನ ಕರಕೊಂಡು ಬಂದು ಬಾಟ್ಲಿ ತೋರಿಸಿದ್ರೆ ಅವಮಾನ ಮಾಡಿದ ಹಾಗಲ್ವಾ?”

ಈಗ ಗುಸ್ತಾವನ ಕಷ್ಟವನ್ನೂ ಸ್ವಲ್ಪ ಹೇಳಬೇಕು. ನಲವತ್ತು ವರ್ಷಗಳಿಂದ ಬಳಗದ ಪ್ರತಿ ಸಭೆಯಲ್ಲೂ ಅವನು, “ನಾವು ಮಣ್ಣಿನ ಮಕ್ಕಳು, ಬಳ್ಳಿ ನಡುವೆ ಬೆಳೆದೋರು,” ಎಂದು ಎದೆ ತಟ್ಟಿ ಹೇಳಿಕೊಂಡು ಬಂದಿದ್ದ. ನಿಜ ಸಂಗತಿ ಎಂದರೆ ಹುಟ್ಟಿದಾರಭ್ಯ ಅವನು ಒಂದು ಗೊಂಚಲು ದ್ರಾಕ್ಷಿ ಕೊಯ್ದವನಲ್ಲ. ಅವನ ಮನೆಯಲ್ಲಿ ಹಣ್ಣು ಬರುತ್ತಿದ್ದುದು ತಟ್ಟೆಯಲ್ಲಿ. ನಾಲ್ವರು ಶಿಷ್ಯರು ಅವನ ಮುಖವನ್ನೇ ನೋಡುತ್ತಿದ್ದರು.

“ಹೌದೌದು,” ಎಂದು ಗುಸ್ತಾವ್ ಗಂಟಲು ಸರಿಮಾಡಿಕೊಂಡ. “ಬಳ್ಳಿಯಿಂದಲೇ ಶುರು ಮಾಡಬೇಕು. ನಮ್ಮಲ್ಲೂ ಹಳಬರು ಹಾಗೇ ಮಾಡ್ತಿದ್ರು. ಈಗಿನೋರಿಗೆ ಏನು ಗೊತ್ತು!”

ಓದಿಲ್ ಅಷ್ಟರಲ್ಲಿ ಬಸ್ಸಿನ ಹಿಂಬದಿಯಿಂದ ದೊಡ್ಡ ಚೀಲವೊಂದನ್ನು ಎಳೆದು ತಂದಿದ್ದಳು. ಅದರಲ್ಲಿ ಏಳು ಹುಲ್ಲಿನ ಟೋಪಿ, ಏಳು ಜೊತೆ ಬೂಟು, ಕೈಗವಸು, ಬೆನ್ನಿಗೆ ಹಚ್ಚುವ ಮುಲಾಮು. ಆನ್ಸೆಲ್ಮ್ ಬೆಪ್ಪಾಗಿ ನೋಡಿದ. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಫೋನ್ ಮಾಡಿ ಬೇಡ ಅಂತಿದ್ರಿ,” ಎಂದು ಓದಿಲ್ ಅವನ ತಲೆಗೆ ಟೋಪಿ ಒತ್ತಿದಳು. “ಅಣ್ಣ ಬಕೆಟ್ ಹಿಡಿದದ್ದು ಒಂದು ಸಲ ನೋಡಬೇಕಿತ್ತು ನಂಗೆ.”

ಶಾಂಪೇನ್‌ನಲ್ಲಿ ದ್ರಾಕ್ಷಿಯನ್ನು ಕೈಯಿಂದಲೇ ಕೊಯ್ಯಬೇಕು, ಅದೂ ಜೋಡಿಯಾಗಿ: ಸಾಲಿನ ಈಚೆ ಒಬ್ಬ, ಆಚೆ ಒಬ್ಬ, ನಡುವೆ ಬಳ್ಳಿ. ಗುಸ್ತಾವನ ಜೋಡಿಗೆ ಆನ್ಸೆಲ್ಮ್ ಬಿದ್ದ. ಮೊದಲ ಹತ್ತು ನಿಮಿಷ ಗುಸ್ತಾವ್ ಪ್ರತಿ ಗೊಂಚಲನ್ನೂ ಕೊಯ್ಯುವ ಮುಂಚೆ ಮೂಸಿ ನೋಡಿದ. ಆಮೇಲೆ ಎರಡು ಗೊಂಚಲಿಗೊಮ್ಮೆ ಮೂಸಿದ. ಆಮೇಲೆ ಪಕ್ಕದ ಸಾಲಿನಲ್ಲಿ ಹಲ್ಲಿನ ಡಾಕ್ಟರು ಅವನನ್ನು ದಾಟಿ ಮುಂದೆ ಹೋದರು. ನಲವತ್ತು ವರ್ಷ ಇಕ್ಕಟ್ಟಾದ ಜಾಗದಲ್ಲಿ ಕೈ ಆಡಿಸಿದವರು. ಎಲೆ ಅಲುಗದಂತೆ ಗೊಂಚಲು ಉರುಳಿಸುತ್ತಿದ್ದರು. ಅಧ್ಯಕ್ಷರನ್ನು ಸಾಮಾನ್ಯ ಸದಸ್ಯ ಹಿಂದೆ ಹಾಕುವುದೆಂದರೇನು! ಗುಸ್ತಾವ್ ಮೂಸುವುದನ್ನು ಬಿಟ್ಟ.

“ಭಾವಯ್ಯ, ನಿನ್ನ ಕಡೆ ಒಂದು ಬಿಟ್ಟೆ ನೋಡು! ಕಣ್ಣು ಎಲ್ಲಿಟ್ಟಿದ್ದೀಯ?”

“ತಗೊಂಡೆ ಭಾವ.”

“ಬೇಗ, ಬೇಗ! ಆ ಹಲ್ಲು ಕೀಳೋನು ಸಾಲಿನ ತುದಿ ಮುಟ್ಟಿಬಿಡ್ತಾನೆ!”

ಹನ್ನೊಂದು ಗಂಟೆಯ ಹೊತ್ತಿಗೆ ಇಳಿಜಾರಿನ ಕೆಳಗೆ ಬಿಳಿಯ ಕಾರೊಂದು ನಿಂತಿತು. ಕಡತ ಹಿಡಿದ ಹೆಂಗಸೊಬ್ಬಳು ಇಳಿದಳು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ. ಕೊಯ್ಲಿನ ಕಾಲದಲ್ಲಿ ಈ ಜನ ತೋಟದಿಂದ ತೋಟಕ್ಕೆ ಹೋಗಿ ಕೂಲಿಯವರ ಕಾಗದಪತ್ರ ನೋಡುತ್ತಾರೆ. ಹ್ಯೂಗೆತಕ್ಕ ತನ್ನ ಹನ್ನೆರಡು ಜನರ ಕಾಗದಗಳನ್ನು ಒಡನೆಯೇ ತೋರಿಸಿದಳು. ಎಲ್ಲ ಸರಿಯಾಗಿತ್ತು. ಇನ್ಸ್‌ಪೆಕ್ಟರಮ್ಮ ಬೆರಳು ಎತ್ತಿ ಎದುರಿನ ಸಾಲುಗಳನ್ನು ತೋರಿಸಿದಳು.

“ಆ ಕೆಂಪಂಗಿಯವರು?”

ಹ್ಯೂಗೆತಕ್ಕ ಆನ್ಸೆಲ್ಮನ ಕಡೆ ತಿರುಗಿದಳು. “ಕಾಗದ ಕೊಡಪ್ಪ.”

“ಯಾವ ಕಾಗದ?” ಎಂದ ಆನ್ಸೆಲ್ಮ್.

ಮುದುಕಿಯ ಮುಖ ಬಿಳಿಚಿತು. ತಪ್ಪು ಎಲ್ಲಿ ನಡೆದಿದೆ ಎಂದು ಅವಳಿಗೂ ಆಗ ಹೊಳೆಯಿತು. ಆನ್ಸೆಲ್ಮ್ ಒಂದು ಹೆಜ್ಜೆ ಮುಂದೆ ಬಂದ. ಅವಳ ಮೇಲೆ ದಂಡ ಬೀಳಲು ಬಿಡುವುದಕ್ಕಾಗದು. ನಿಜ ಹೇಳಿದರೆ ಗುಟ್ಟು ಕೇಳಿಸಿಕೊಳ್ಳಲು ಭಾವ ಎದುರಿಗೇ ನಿಂತಿದ್ದಾನೆ. ಎರಡನ್ನೂ ತೂಗಿ ನೋಡಿ ನಿಜವನ್ನೇ ಹೇಳಿದ. “ಇವರು ಕೂಲಿಯವರಲ್ಲ ಅಮ್ಮ. ನನ್ನ ನೆಂಟರು. ವೈನ್ ರುಚಿ ನೋಡೋಕೆ ಪ್ರವಾಸ ಬಂದಿರೋರು.”

“ಬಕೆಟ್ ಹಿಡ್ಕೊಂಡಾ?”

“ಹೂಂ.”

“ಕತ್ತರಿ ಹಿಡ್ಕೊಂಡು ರುಚಿ ನೋಡ್ತಾರಾ?” ಇನ್ಸ್‌ಪೆಕ್ಟರಮ್ಮ ಪೆನ್ನು ತೆಗೆದಳು. “ಹದಿನೈದು ವರ್ಷದಿಂದ ಈ ಕೆಲಸದಲ್ಲಿದೀನಿ. ಸೋದರತ್ತೆ ಮಗ ಅಂದಿದಾರೆ, ಯೋಗ ಮಾಡ್ತಿದೀವಿ ಅಂದಿದಾರೆ. ಇದು ಹೊಸದು. ಏನ್ರೀ, ನಿಮ್ಮನ್ನೇ! ದಿನಕ್ಕೆ ಎಷ್ಟು ಕೂಲಿ ಮಾತಾಡಿದಾರೆ?”

ಪ್ರಶ್ನೆ ಗುಸ್ತಾವನಿಗೆ. ಅವನು ಬೆನ್ನು ನೆಟ್ಟಗೆ ಮಾಡಲು ಸ್ವಲ್ಪ ಸಮಯ ತೆಗೆದುಕೊಂಡ. ಆದರೆ ನೆಟ್ಟಗಾದ ಮೇಲೆ ಪೂರ್ತಿ ನೆಟ್ಟಗಾದ.

“ಕೂಲಿ? ನಾನು? ಮೇಡಂ, ನಾನು ಬೋನ್‌ನ ನೋಟರಿ. ಬೆಳ್ಳಿ ಬಟ್ಟಲ ಬಳಗದ ಅಧ್ಯಕ್ಷ! ತಿಳಿದೋರು ಬಳ್ಳಿಯಿಂದಲೇ ಶುರು ಮಾಡ್ತಾರೆ, ನಿಮಗೆ ಅಷ್ಟೂ ಗೊತ್ತಿಲ್ವಾ? ನೋಡಿ!”

ಒಂದು ಗೊಂಚಲನ್ನು ಬೆಳ್ಳಿ ಬಟ್ಟಲಿಗೆ ಹಿಂಡಿದ. ಗುಟುಕರಿಸಿದ, ಮುಕ್ಕಳಿಸಿದ, ಇನ್ಸ್‌ಪೆಕ್ಟರಮ್ಮನ ಬೂಟಿನಿಂದ ಒಂದು ಗೇಣು ದೂರಕ್ಕೆ ಉಗಿದ. ಆಮೇಲೆ ತೀರ್ಪು ಶುರುವಾಯಿತು. ಹುಳಿ, ಸಿಹಿ, ಸುಣ್ಣದ ಮಣ್ಣು, ಪೂರ್ವದ ಬಿಸಿಲು, ಹೋದ ಮೇ ತಿಂಗಳ ಮಂಜು. ಅವನು ಉಸಿರೆಳೆದುಕೊಳ್ಳಲು ನಿಂತಾಗ ಔಷಧಿ ಅಂಗಡಿಯವರು ತಮ್ಮ ಬಟ್ಟಲು ಎತ್ತಿ, ಅಧ್ಯಕ್ಷರ ಮಾತಿಗೆ ಸಣ್ಣದೊಂದು ತಿದ್ದುಪಡಿ ಎಂದರು. ಬ್ಯಾಂಕಿನವರಿಬ್ಬರು ತಿದ್ದುಪಡಿಯನ್ನು ವಿರೋಧಿಸಿದರು. ಹಲ್ಲಿನ ಡಾಕ್ಟರು ದ್ರಾಕ್ಷಿಸಿಪ್ಪೆ ಒಸಡಿಗೆ ಏನು ಮಾಡುತ್ತದೆ ಎಂದು ವಿವರಿಸಿದರು. ಹನ್ನೆರಡು ಜನ ಕೂಲಿಯವರೂ ಕತ್ತರಿ ಬಿಟ್ಟು ನಿಂತು ನೋಡಿದರು. ಇಪ್ಪತ್ತು ನಿಮಿಷವಾದ ಮೇಲೆ ಇನ್ಸ್‌ಪೆಕ್ಟರಮ್ಮ ಎರಡೂ ಕೈ ಎತ್ತಿದಳು.

“ಸಾಕು, ಸಾಕು. ಕೆಲಸ ಮಾಡೋರು ಯಾರೂ ಇಷ್ಟು ಮಾತಾಡಲ್ಲ.” ಕಡತದಲ್ಲಿ ‘ಪ್ರವಾಸಿಗಳು’ ಎಂದು ಬರೆದು, ಕಾರಿನ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋದಳು.

“ನೋಡಿದ್ಯಾ ಭಾವಯ್ಯ,” ಎಂದ ಗುಸ್ತಾವ್ ಬಕೆಟ್ಟು ಎತ್ತಿಕೊಳ್ಳುತ್ತ, “ಸರ್ಕಾರದೋರಿಗೆ ಮರ್ಯಾದೆ ಕಲಿಸೋದು ಹೀಗೆ. ಅಯ್ಯೋ, ಆ ಡಾಕ್ಟರು ಎಲ್ಲಿ? ಮೋಸ! ಮಾತಾಡ್ತಾ ಮಾತಾಡ್ತಾ ನಾಲ್ಕು ಬಳ್ಳಿ ಮುಂದೆ ಹೋಗಿದಾನೆ!”

ಮಧ್ಯಾಹ್ನ ಗಾಣದ ಮನೆಯಲ್ಲಿ ಉದ್ದನೆಯ ಹಲಗೆಯ ಮೇಲೆ ಊಟ. ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದದ್ದು. ಜೊತೆಗೆ ಹ್ಯೂಗೆತಕ್ಕ ಹೆಸರಿಲ್ಲದ ಬಾಟಲಿಗಳನ್ನು ತಂದು ಸಾಲಾಗಿ ಇಟ್ಟಳು, ಅವಳ ಸ್ವಂತದ್ದು. ತೀರ್ಪು ಇನ್ನೇನು ಬಂದೇಬಿಡುತ್ತದೆ ಎಂದು ಆನ್ಸೆಲ್ಮ್ ಗುಸ್ತಾವನ ಬಾಯನ್ನೇ ನೋಡಿದ. ಗುಸ್ತಾವ್ ನೀರು ಕುಡಿಯುವ ದಪ್ಪ ಗ್ಲಾಸಿನಲ್ಲಿ ತುಂಬಿಸಿಕೊಂಡ, ಒಂದೇ ಉಸಿರಿಗೆ ಇಳಿಸಿದ, ಗ್ಲಾಸು ಮತ್ತೆ ಮುಂದೆ ಚಾಚಿದ. ಮೂಸಲಿಲ್ಲ, ಮುಕ್ಕಳಿಸಲಿಲ್ಲ. ಉಗಿಯಲಂತೂ ಇಲ್ಲ. ನಾಲ್ವರೂ ಹಾಗೇ ಮಾಡಿದರು. ಉಗಿಯಲು ಇಟ್ಟಿದ್ದ ಬಕೆಟ್ಟಿನಲ್ಲಿ ಯಾರೋ ಬ್ರೆಡ್ಡು ಹಾಕಿ ಇಟ್ಟಿದ್ದರು.

ಸಂಜೆ ಆರಕ್ಕೆ ಕೊನೆಯ ಗಾಡಿ ಇಳಿಜಾರು ಇಳಿಯಿತು. ಗಾಣ ತುಂಬಿತು, ನಾಲ್ಕು ಸಾವಿರದ ಮೇಲೆ ಒಂದು ಬುಟ್ಟಿ ಮಿಕ್ಕಿತ್ತು. ಹ್ಯೂಗೆತಕ್ಕ ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಕಣ್ಣೊರಸಿಕೊಂಡಳು. ಆಮೇಲೆ ನಡೆಯಬೇಕಾಗಿದ್ದ ತೀರ್ಪು ಮಾತ್ರ ನಡೆಯಲಿಲ್ಲ. ಆನ್ಸೆಲ್ಮನ ಮನೆಯಲ್ಲಿ ಊಟದ ಮೇಜಿಗೆ ಕೂತ ಗುಸ್ತಾವ್ ಸೇಬಿನ ಹಣ್ಣಿನ ಕಡುಬನ್ನು ಕೈಯಲ್ಲಿ ಹಿಡಿದಂತೆಯೇ ನಿದ್ದೆ ಹೋದ. ನಾಲ್ವರೂ ಅಲ್ಲಲ್ಲೇ ಒರಗಿದರು. ಓದಿಲ್ ಒಬ್ಬೊಬ್ಬರಿಗೂ ಹೊದಿಕೆ ಹೊದಿಸಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಡಿಯಿತು. ಬೆನ್ನು ಹಿಡಿದುಕೊಂಡು ಸೋಫಾದ ಮೇಲೆ ಉದ್ದಕ್ಕೆ ಬಿದ್ದಿದ್ದ ಗುಸ್ತಾವನ ತಲೆಯ ಹತ್ತಿರವೇ ಅದು ಇತ್ತು. ಆನ್ಸೆಲ್ಮ್ ಅಡಿಗೆಮನೆಯಿಂದ ಓಡಿ ಬರುವುದರೊಳಗೆ ಅವನು ಎತ್ತಿಕೊಂಡಿದ್ದ.

“ಯಾರು? ತಿಬೋ? ಮೊಸ್ಯೂ ಗೋದಿನೊ ಅವರ ಭಾವ ಮಾತಾಡ್ತಿದೀನಿ. ಹೇಳಿ… ಏನು? ರುಚಿ ನೋಡೋಕೆ ಬರಬೇಡಿ ಅಂದಿದ್ದಕ್ಕೆ ಕ್ಷಮೆನಾ? ಯಾರಿಗೆ ಅಂದಿದ್ರಿ?… ಆರೂ ಜನಾನಾ?”

ಆನ್ಸೆಲ್ಮ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಓದಿಲ್ ಕಾಫಿ ಪಾತ್ರೆ ಹಿಡಿದು ಅವನ ಹಿಂದೆ ನಿಂತಳು. ಗುಸ್ತಾವ್ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಭಾವಮೈದುನನ ಕಡೆ ತಿರುಗಿದ.

“ಆರೂ ಮಾಳಿಗೆ ಬಾಗಿಲು ಹಾಕ್ಕೊಂಡವಾ?”

“ಹಾಕ್ಕೊಂಡವು ಭಾವ.”

“ಆ ಮುದುಕಿ ನಮ್ಮನ್ನ ಕೂಲಿಯೋರು ಅಂದ್ಕೊಂಡಿದ್ಲಾ?”

“ಅಂದ್ಕೊಂಡಿದ್ರು. ನಾನು ದಿನ ಎಣಿಸಿದ್ದು ತಪ್ಪಾಯ್ತು. ಎಲ್ಲಾ ನಂದೇ ತಪ್ಪು.” ಆನ್ಸೆಲ್ಮ್ ಹೆಂಡತಿಯ ಕಡೆ ನೋಡಿದ. “ಹುಟ್ಟುಹಬ್ಬ ಬೋನ್‌ನಲ್ಲೇ ಆಗ್ಲಿ, ಬಿಡಿ.”

ಫೋನಿನಲ್ಲಿ ತಿಬೋ ಇನ್ನೂ ಮಾತಾಡುತ್ತಿದ್ದ, ಅದು ಅಂಗೈ ದಾಟಿ ಎಲ್ಲರಿಗೂ ಕೇಳಿಸುತ್ತಿತ್ತು. “ಹಲೋ? ಹಲೋ? ಊರೆಲ್ಲ ಅದೇ ಸುದ್ದಿ ಸಾರ್! ಹ್ಯೂಗೆತಕ್ಕ ಹೇಳ್ತಿದಾರೆ, ಐವತ್ತು ವರ್ಷದಲ್ಲಿ ಅಂಥ ಕೈ ನೋಡಿಲ್ಲ ಅಂತೆ, ಆ ಬೋನ್‌ನ ಅಧ್ಯಕ್ಷರದ್ದು. ನಂಗೂ ಜನ ಕಮ್ಮಿ. ಸೋಮವಾರಕ್ಕೆ ಆ ತಂಡಾನ ಕಳಿಸಿಕೊಡೋಕಾಗುತ್ತಾ?”

ಗುಸ್ತಾವನ ಮುಖ ನಿಧಾನವಾಗಿ ಬದಲಾಯಿತು. ನಲವತ್ತು ವರ್ಷ ಸಭೆಗಳಲ್ಲಿ ತಾನೇ ಹೇಳಿಕೊಂಡದ್ದನ್ನು ಮೊದಲ ಸಲ ಬೇರೆಯವರ ಬಾಯಲ್ಲಿ ಕೇಳುತ್ತಿದ್ದ, ಅದೂ ನಿಜವಾದ ಮೇಲೆ. ಅಂಗೈ ತೆಗೆದ. ಮಲಗಿದಲ್ಲೇ ಕತ್ತು ಎತ್ತಿ ದನಿಗೆ ನೋಟರಿಯ ತೂಕ ಕೊಟ್ಟ.

“ಸೋಮವಾರಾನಾ? ಬೆನ್ನಿನ ಅಭಿಪ್ರಾಯ ಕೇಳಿ ಹೇಳ್ತೀನಿ. ಬರ್ತೀವಿ ಅಂದ್ಕೊಳ್ಳಿ. ಆದ್ರೆ ಒಂದು ಷರತ್ತು. ಅಕ್ಟೋಬರ್ ಆರನೇ ತಾರೀಖು ನನ್ನ ತಂಗಿಗೆ ಅರವತ್ತು ತುಂಬುತ್ತೆ, ಇಲ್ಲೇ, ಅವಳ ಮನೆ ಅಂಗಳದಲ್ಲಿ. ನೀವು ಬರಬೇಕು, ನಿಮ್ಮ ಮಾಳಿಗೆಯ ಒಳ್ಳೇ ಬಾಟ್ಲಿ ತರಬೇಕು. ಬಾಗಿಲು ಹಾಕ್ಕೊಂಡ ಇನ್ನೈದು ಜನಕ್ಕೂ ಹೇಳಿ. ಜನ ಬೇಕಿದ್ರೆ ಬಾಟ್ಲಿ ಬರಬೇಕು… ಎಷ್ಟು ತರಬೇಕು ಅಂತ ಕೇಳ್ತೀರಾ? ಆನ್ಸೆಲ್ಮ್ ಗೋದಿನೊ ಮನೆ ಹಬ್ಬ ಕಣ್ರೀ ಇದು! ನಾಚಿಕೆ ಆಗಲ್ವಾ ಕೇಳೋಕೆ?”

ಹತ್ತು ಗಂಟೆಯೊಳಗೆ ಮಿಕ್ಕ ಐವರೂ ಫೋನು ಮಾಡಿದರು. ಐವರಿಗೂ ಅದೇ ಷರತ್ತು ಹೋಯಿತು. ಆನ್ಸೆಲ್ಮ್ ಚೌಕಟ್ಟಿಗೆ ಒರಗಿ, ತನ್ನ ಹೆಸರು ಆ ಗಡಸು ಗಂಟಲಿನಿಂದ ಆರು ಸಲ ಬಿದ್ದದ್ದನ್ನು ಆರು ಸಲವೂ ಕೇಳಿದ.

ಓದಿಲ್ ಕಿಟಕಿಯಿಂದ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು.

“ರೀ,” ಎಂದಳು, “ನಮ್ಮನೇಲಿ ಅಷ್ಟು ಕುರ್ಚಿ ಇಲ್ಲ.”

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಯಾವ ಕೊರತೆಯನ್ನೂ ಇಷ್ಟು ಸಂತೋಷದಿಂದ ಹೇಳಿರಲಿಲ್ಲ.